ಸಿಂಗಾರದ ಪರಾಗ: ಅಡಿಕೆ ತೋಟ ಕಲಿಸಿದ್ದು

ಅಡಿಕೆಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಒಂದೇ ಸಿಂಗಾರದಲ್ಲಿ, ಅಂದರೆ ಹೂಗೊಂಚಲಿನಲ್ಲಿ, ಇರುತ್ತವೆ. ಅರಳುವ ಕಾಲ ಮಾತ್ರ ಬೇರೆ. ಶಿಕಾರಿಪುರ, ಸೊರಬದ ತೋಟಗಳಲ್ಲಿ ಚಳಿ ಇಳಿಯುವ ಹೊತ್ತಿಗೆ ಹಾಳೆ ಕಳಚಿ ಬೀಳುತ್ತದೆ, ಅದರ ಬುಡದಲ್ಲಿದ್ದ ಹೊಂಬಾಳೆ ಒಡೆದು ಸಿಂಗಾರ ಬಿಚ್ಚಿಕೊಳ್ಳುತ್ತದೆ. ಎಳೆಗಳ ತುದಿಯವರೆಗೆ ಒತ್ತಾಗಿ ಕೂತ ನಸುಹಳದಿಯ ಸಣ್ಣ ಹೂಗಳು ಗಂಡು. ಬುಡದ ಕಡೆ ದಪ್ಪಗೆ ಹಸಿರಾಗಿರುವವು ಹೆಣ್ಣು. ಗಂಡು ಹೂಗಳು ಸಾವಿರಗಳ ಲೆಕ್ಕದಲ್ಲಿದ್ದರೆ ಹೆಣ್ಣು ಹೂಗಳು ನೂರುಗಳ ಲೆಕ್ಕದಲ್ಲಿರುತ್ತವೆ.

ಗಂಡು ಹೂ ಅರಳಿ ಉದುರುವ ಕೆಲಸ 2ರಿಂದ 4 ವಾರ ನಡೆಯುತ್ತದೆ. ಅದು ಮುಗಿದ ಮೇಲೆಯೇ ಹೆಣ್ಣು ಹೂ ಬಾಯಿ ಬಿಡುವುದು. ಅದೂ ಕೆಲವೇ ದಿನ. ಆಗ ತನ್ನದೇ ಸಿಂಗಾರದಲ್ಲಿ ಪರಾಗ ಉಳಿದಿರುವುದಿಲ್ಲ. ಗಂಡು ಹೂಗಳಿಗೆ ಜೇನು ಬರುತ್ತದಾದರೂ ಪರಾಗ ಸಾಗುವುದು ಮುಖ್ಯವಾಗಿ ಗಾಳಿಯಲ್ಲಿ, ಪಕ್ಕದ ಮರದಿಂದ. ಹಿಮಾಲಯದ ಭೂರ್ಜ ಮರವೂ ಇದೇ ದಾರಿಯದು. ತೂಗಾಡುವ ಕುಚ್ಚುಗಳಿಂದ ಪರಾಗವನ್ನು ಗಾಳಿಗೆ ಬಿಡುತ್ತದೆ. ಗಾಳಿಗೆ ಗುರಿಯಿಲ್ಲ, ಆದ್ದರಿಂದ ಇಂಥ ಮರಗಳು ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಪರಾಗ ಹುಟ್ಟಿಸುತ್ತವೆ.

ತೋಟದ ಅನುಭವ ಕಲಿಸುವ ಮೊದಲ ಪಾಠ, ಮರದ ಬುಡದಲ್ಲಿ ಹೂ ಚೆಲ್ಲಿದ್ದನ್ನು ಕಂಡು ಗಾಬರಿಯಾಗಬಾರದು ಎಂಬುದು. ಗಂಡು ಹೂ ಉದುರುವುದು, ಆಮೇಲೆ ಎಳೆಯ ತುದಿ ಒಣಗುವುದು ಸಹಜ. ಒಣಗು ತುದಿಯಿಂದ ಬುಡಕ್ಕಿಳಿದು, ಮುಖ್ಯ ದಂಟು ಕಂದಾಗಿ, ಮಿಳ್ಳೆಯೂ (ಎಳೆಗಾಯಿ) ಉದುರಿದರೆ ಅದು ಸಿಂಗಾರ ಒಣಗುವ ರೋಗ. ಬೇಸಿಗೆಯಲ್ಲಿ ಹೆಚ್ಚುವ ಈ ರೋಗಕ್ಕೆ ಶಿಲೀಂಧ್ರ ಕಾರಣ. ಅಂಥ ಸಿಂಗಾರವನ್ನು ತೆಗೆದು ಸುಡಬೇಕು.

ಎರಡನೆಯದು ಔಷಧಿ ಹೊಡೆಯುವ ಹೊತ್ತು. ಹೆಣ್ಣು ಹೂ ಅರಳಿದ ದಿನಗಳಲ್ಲಿ ಸಿಂಗಾರವನ್ನು ತೋಯಿಸಿದರೆ ಪರಾಗ ಹಿಡಿಯುವುದಕ್ಕೆ ಅಡ್ಡಿ. ರೋಗ ಕಂಡಾಗಲೂ ಸಿಂಗಾರ ಯಾವ ಹಂತದಲ್ಲಿದೆ ಎಂದು ಮೇಲೆ ನೋಡಿಯೇ ಕೊನೆಗಾರನನ್ನು ಮರ ಹತ್ತಿಸಬೇಕು.

ಮೂರನೆಯದು ಬೀಜದ ಆಯ್ಕೆ. ಗೋಟು, ಅಂದರೆ ಬಿತ್ತನೆಯ ಹಣ್ಣಡಿಕೆ, ಕೊಟ್ಟ ತಾಯಿಮರ ಗೊತ್ತು, ಪರಾಗ ಕೊಟ್ಟ ಮರ ಗೊತ್ತಿಲ್ಲ. ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ಮಂಗಳ ತಳಿಯನ್ನು ಊರತಳಿಯ ನಡುವೆ ಬೆಳೆಸಿದರೆ, ಅದರ ಗೋಟಿನಿಂದ ಎದ್ದ ಸಸಿಗಳೆಲ್ಲ ಮಂಗಳವೇ ಆಗಿರುತ್ತವೆಂದು ಹೇಳಲಾಗದು. ಮಿಶ್ರತಳಿ ಮಾಡುವವರು ಹೆಣ್ಣು ಹೂ ಅರಳುವ ಮೊದಲೇ ಗಂಡು ಹೂಗಳ ಎಳೆಗಳನ್ನು ಕತ್ತರಿಸಿ, ಸಿಂಗಾರಕ್ಕೆ ಚೀಲ ಕಟ್ಟಿ, ಬೇಕಾದ ಮರದ ಪರಾಗವನ್ನು ಸೋಕಿಸುತ್ತಾರೆ. ಅಷ್ಟು ಮಾಡಲಾಗದ ರೈತ ತೋಟದ ಅಂಚಿನ ಒಂಟಿ ಮರವನ್ನು ಬಿಟ್ಟು, ಸುತ್ತ ಒಳ್ಳೆಯ ಮರಗಳೇ ಇರುವ ಜಾಗದಿಂದ ಗೋಟು ಆರಿಸುವುದು ಲೇಸು.