ಓಂಬುಡ್ಸ್‌ಮನ್ನನ ಅಧಿಕಾರದ ಎಲ್ಲೆಗಳು

ಪುರಸಭೆಯೊಡನೆ ವ್ಯವಹರಿಸುವ ಸಾಮಾನ್ಯ ನಾಗರಿಕನಿಗೆ ಆಡಳಿತವೆಂದರೆ ಒಂದು ಕಿಟಕಿ, ಒಬ್ಬ ಗುಮಾಸ್ತ, ಒಂದು ಕಡತ. ಅರ್ಜಿ ಕಳೆದುಹೋದರೆ, ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ ಅವನು ಮೊರೆಯಿಡಬೇಕಾದುದು ಎಲ್ಲಿ? ನ್ಯಾಯಾಲಯದ ವೆಚ್ಚ ಅವನಿಗೆ ನಿಲುಕದು. ಚುನಾವಣೆ ಹಲವು ವರ್ಷಗಳಿಗೊಮ್ಮೆ ಬರತಕ್ಕದ್ದು. ಈ ತೆರಪನ್ನು ತುಂಬಲು ಹುಟ್ಟಿದ ಪದವಿಯೇ ಓಂಬುಡ್ಸ್‌ಮನ್. 1809ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು 1962ರಲ್ಲಿ ನ್ಯೂಜಿಲೆಂಡ್ ಸ್ವೀಕರಿಸಿತು. ಬ್ರಿಟನ್ನು 1967ರಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳಿಗೂ, 1974ರ ಸ್ಥಳೀಯ ಸರ್ಕಾರ ಕಾಯಿದೆಯ ಮೂಲಕ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ಸಂಸ್ಥೆಗಳಿಗೂ ಇದನ್ನು ಅನ್ವಯಿಸಿತು.

ಈ ಅಧಿಕಾರಿ ಕಡತಗಳನ್ನು ತರಿಸಬಲ್ಲನು, ಸಾಕ್ಷಿಗಳನ್ನು ಕರೆಸಬಲ್ಲನು. ಆದರೆ ಅವನು ಏನನ್ನು ವಿಚಾರಿಸಬಹುದು ಎಂಬುದಕ್ಕಿಂತ ಏನನ್ನು ವಿಚಾರಿಸಕೂಡದು ಎಂಬುದರ ಅಧ್ಯಯನವೇ ಹೆಚ್ಚು ಬೋಧಪ್ರದವಾದುದು.

ಮೊದಲ ಎಲ್ಲೆ 'ದುರಾಡಳಿತ' ಎಂಬ ಪದದಲ್ಲಿಯೇ ಇದೆ. ದುರಾಡಳಿತದಿಂದ ತನಗೆ ಅನ್ಯಾಯವಾಯಿತೆಂದು ದೂರುದಾರನು ಹೇಳಬೇಕು. ವಿಚಿತ್ರವೆಂದರೆ ಕಾಯಿದೆಯು ಆ ಪದದ ಅರ್ಥವನ್ನು ಎಲ್ಲಿಯೂ ವಿವರಿಸಲಿಲ್ಲ. 1966ರಲ್ಲಿ ಮೊದಲ ಮಸೂದೆಯ ಚರ್ಚೆಯಲ್ಲಿ ಸಚಿವ ರಿಚರ್ಡ್ ಕ್ರಾಸ್‌ಮನ್ನರು ಪಕ್ಷಪಾತ, ಅಲಕ್ಷ್ಯ, ವಿಳಂಬ, ಅಸಾಮರ್ಥ್ಯ, ಸ್ವೇಚ್ಛಾಚಾರ ಮೊದಲಾದವನ್ನು ಪಟ್ಟಿಮಾಡಿದ್ದರು. ಮುಂದಿನವರು ಅದನ್ನೇ ಆಧಾರವಾಗಿ ಹಿಡಿದರು. ನಿರ್ಣಯವು ರೂಪುಗೊಂಡ ಬಗೆಯಲ್ಲಿ ದೋಷವಿರಬೇಕೇ ಹೊರತು, ನಿರ್ಣಯವು ಅಪ್ರಿಯವಾದರೆ ಸಾಲದು. ದೋಷವಿಲ್ಲದೆ ಕೈಗೊಂಡ ನಿರ್ಣಯದ ಯುಕ್ತಾಯುಕ್ತತೆಯನ್ನು ಪ್ರಶ್ನಿಸಕೂಡದೆಂದು ಕಾಯಿದೆಯೇ ವಿಧಿಸುತ್ತದೆ. ನೆರೆಯವನ ಹೊಸ ಮಹಡಿಯಿಂದ ತನ್ನ ಮನೆಗೆ ಬೆಳಕು ತಪ್ಪಿತೆಂದು ದೂರುವವನಿಗೆ, ಪುರಸಭೆಯು ಅವನ ಆಕ್ಷೇಪಣೆಯನ್ನು ಓದಿ, ಪರಿಶೀಲಿಸಿ, ಅನಂತರವೇ ಅನುಮತಿ ಕೊಟ್ಟಿದ್ದರೆ, ಇಲ್ಲಿ ಪರಿಹಾರವಿಲ್ಲ. ಆಕ್ಷೇಪಣೆಯನ್ನು ಓದದೆಯೇ ಕೊಟ್ಟಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ.

ಈ ಪದದ ಕುರಿತು ಬ್ರಾಡ್‌ಫರ್ಡ್ ನಗರಸಭೆಯ ಮೊಕದ್ದಮೆ ಪ್ರಸಿದ್ಧವಾದುದು. ತನ್ನ ಮಕ್ಕಳನ್ನು ನಗರಸಭೆಯು ತನ್ನ ಪಾಲನೆಗೆ ತೆಗೆದುಕೊಂಡುದರ ಬಗ್ಗೆ ತಾಯಿಯೊಬ್ಬಳು ದೂರಿತ್ತಳು. ದುರಾಡಳಿತ ಯಾವುದೆಂದು ಆಕೆ ಸ್ಪಷ್ಟವಾಗಿ ಹೇಳಿಲ್ಲವಾದ್ದರಿಂದ ವಿಚಾರಣೆ ಸಲ್ಲದೆಂದು ನಗರಸಭೆಯ ವಾದ. 1979ರಲ್ಲಿ ವರದಿಯಾದ ತೀರ್ಪಿನಲ್ಲಿ ಲಾರ್ಡ್ ಡೆನ್ನಿಂಗ್‌ರಿದ್ದ ಮೇಲ್ಮನವಿ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಕಚೇರಿಯೊಳಗೆ ನಡೆದುದು ಹೊರಗಿನವರಿಗೆ ಹೇಗೆ ತಿಳಿಯಬೇಕು? ದೋಷವನ್ನು ಹೆಸರಿಸುವ ಹೊಣೆ ಆ ತಾಯಿಯ ಮೇಲಿರಲಿಲ್ಲ. ಆದರೆ ಅದೇ ತೀರ್ಪು, ನಿರ್ಣಯದ ಗುಣಾವಗುಣಗಳಿಗೆ ಕೈಹಾಕಬಾರದೆಂಬ ಗೆರೆಯನ್ನೂ ದೃಢಪಡಿಸಿತು. ಮಕ್ಕಳನ್ನು ಒಯ್ದದ್ದು ಸರಿಯೇ ಎಂಬ, ತಾಯಿಗೆ ಮುಖ್ಯವಾದ ಪ್ರಶ್ನೆ ಗೆರೆಯ ಆಚೆಗೇ ಉಳಿಯಿತು.

ಉಳಿದ ಎಲ್ಲೆಗಳಲ್ಲಿ ಕೆಲವು ಸಹಜವಾದುವು. ವಿಷಯ ತಿಳಿದ 12 ತಿಂಗಳೊಳಗೆ ದೂರು ಸಲ್ಲಬೇಕು, ಸಕಾರಣವಿದ್ದರೆ ಸಡಿಲಿಕೆಯುಂಟು. ನ್ಯಾಯಾಲಯದಲ್ಲಾಗಲಿ ನ್ಯಾಯಮಂಡಲಿಯಲ್ಲಾಗಲಿ ಪರಿಹಾರವಿದ್ದರೆ ಅತ್ತ ಹೋಗಬೇಕು. ಅದನ್ನು ದೂರುದಾರನಿಂದ ನಿರೀಕ್ಷಿಸುವುದು ಸಮಂಜಸವಲ್ಲವೆನಿಸಿದರೆ ಮಾತ್ರ ವಿನಾಯಿತಿ. ನೌಕರರ ನೇಮಕಾತಿ, ವಜಾ ಮುಂತಾದುವು ವ್ಯಾಪ್ತಿಗೆ ಹೊರಗು. ಶಾಲೆಯೊಳಗಿನ ಬೋಧನೆ ಮತ್ತು ಶಿಸ್ತಿನ ವಿಷಯಗಳನ್ನೂ ಹೊರಗಿಟ್ಟಿರುವುದು ಶಿಕ್ಷಕರಿಗೆ ಕುತೂಹಲಕರವಾದೀತು. ಗ್ರಾಮಮಟ್ಟದ ಪ್ಯಾರಿಷ್ ಕೌನ್ಸಿಲುಗಳಂತೂ ಬಹುತೇಕ ಇವನ ಕಕ್ಷೆಗೆ ಬಾರವು. ಜನರಿಗೆ ಅತಿ ಸಮೀಪದ ಸಂಸ್ಥೆಯೇ ದೂರಕ್ಕೆ ಅತೀತವಾದುದು ವಿಪರ್ಯಾಸ.

ಇವೆಲ್ಲಕ್ಕಿಂತ ವಿಚಾರಾರ್ಹವಾದ ಎಲ್ಲೆ ಇನ್ನೊಂದಿದೆ. ಒಂದು ಕ್ರಮವು ಆ ಪ್ರದೇಶದ ಎಲ್ಲ ಅಥವಾ ಬಹುಪಾಲು ನಿವಾಸಿಗಳಿಗೆ ತಾಗುವಂಥದಾದರೆ ಓಂಬುಡ್ಸ್‌ಮನ್ ಅದನ್ನು ವಿಚಾರಿಸುವಂತಿಲ್ಲ. ಒಬ್ಬನ ತೆರಿಗೆಯ ಲೆಕ್ಕ ತಪ್ಪಿದರೆ ದೂರು ಕೊಡಬಹುದು. ಊರಿಗೆಲ್ಲ ತೆರಿಗೆ ಏರಿತೆಂದು ಕೊಡಲಾಗದು. ಊರಿಗೆ ಊರೇ ನೊಂದರೆ ಅದು ರಾಜಕೀಯದ ವಿಷಯ, ಮತಪೆಟ್ಟಿಗೆಯಲ್ಲಿ ತೀರ್ಮಾನವಾಗಲಿ ಎಂಬುದು ಇದರ ಸಮರ್ಥನೆ. ವಾದ ಯುಕ್ತವಾಗಿಯೇ ಇದೆ. ಆದರೂ ಕಚೇರಿಯ ಅಲಕ್ಷ್ಯವು ಒಬ್ಬನಿಗೆ ತಟ್ಟಿದಾಗ ದೋಷವಾಗಿ, ಎಲ್ಲರಿಗೂ ತಟ್ಟಿದಾಗ ನೀತಿಯಾಗಿ ಪರಿಗಣಿತವಾಗುವ ಅಪಾಯ ಇದರಲ್ಲಿಲ್ಲದೆ ಇಲ್ಲ.

1988ರವರೆಗೆ ದೂರನ್ನು ಸಾಮಾನ್ಯವಾಗಿ ಕೌನ್ಸಿಲ್ ಸದಸ್ಯನೊಬ್ಬನ ಮೂಲಕವೇ ಕಳುಹಿಸಬೇಕಾಗಿತ್ತು. ಆ ವರ್ಷದ ಕಾಯಿದೆಯಿಂದ ನೇರವಾಗಿ ಸಲ್ಲಿಸುವ ಹಕ್ಕು ಬಂದಿತು. ಓಂಬುಡ್ಸ್‌ಮನ್ನನ ವರದಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆಂಬುದು ಅದೇ ವರ್ಷ ಈಸ್ಟ್‌ಲಿ ಪೌರಸಂಸ್ಥೆಯ ಮೊಕದ್ದಮೆಯಿಂದ ಖಚಿತವಾಯಿತು.

ಕರ್ನಾಟಕದ 1984ರ ಲೋಕಾಯುಕ್ತ ಕಾಯಿದೆಯು ಆರೋಪ, ಅಹವಾಲುಗಳೆಂದು ಎರಡು ಬಗೆಯನ್ನು ಮಾಡಿದೆ. ಅಹವಾಲೆಂದರೆ ದುರಾಡಳಿತದಿಂದಾದ ಅನ್ಯಾಯ ಅಥವಾ ಅನುಚಿತ ಕಷ್ಟ. ಆಂಗ್ಲ ಕಾಯಿದೆಯ ಛಾಯೆ ಇಲ್ಲಿ ಸ್ಪಷ್ಟವಾಗಿದೆ.

ಕಡೆಯ ಎಲ್ಲೆ ವಿಚಾರಣೆ ಮುಗಿದ ಮೇಲಿನದು. ಇಂಗ್ಲೆಂಡಿನ ಓಂಬುಡ್ಸ್‌ಮನ್ ಶಿಫಾರಸು ಮಾಡಬಲ್ಲನಲ್ಲದೆ ಆಜ್ಞಾಪಿಸಲಾರನು. ಕೌನ್ಸಿಲು ವರದಿಯನ್ನು ಪರಿಶೀಲಿಸಿ, ಕೈಗೊಂಡ ಕ್ರಮವನ್ನು ತಿಳಿಸಬೇಕು. ಶಿಫಾರಸನ್ನು ಒಪ್ಪದೆ ಹೋದರೆ ಎರಡನೆಯ ವರದಿ ಹೊರಡುತ್ತದೆ. ಅದಕ್ಕೂ ಮಣಿಯದಿದ್ದರೆ, 1989ರ ಕಾಯಿದೆಯ ಮೇರೆಗೆ, ಆ ಸಂಗತಿಯ ಹೇಳಿಕೆಯನ್ನು ಕೌನ್ಸಿಲು ತನ್ನ ಖರ್ಚಿನಲ್ಲಿಯೇ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚುಹಾಕಿಸಬೇಕಾಗುತ್ತದೆ.