ಹಳೆಯ ಜೀಪಿನ ಗಾಜು ತೊಳೆಯುವ ಪಂಪು

ಕಬ್ಬು ಸಾಗಿಸುವ ದಿನಗಳಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹಾದಿಗಳಲ್ಲಿ ಎರೆಮಣ್ಣಿನ ಧೂಳು ಜೀಪಿನ ಮುಂಗಾಜಿಗೆ ಹತ್ತಿಕೊಳ್ಳುವುದು. ಮುಚ್ಚಂಜೆಯಲ್ಲಿ ಎದುರು ದೀಪದ ಬೆಳಕು ಆ ಧೂಳಿನ ಮೇಲೆ ಬಿದ್ದೊಡನೆ ಮುಂದಿರುವ ಕಬ್ಬಿನ ಚಕ್ಕಡಿಯು ಕಾಣಿಸದು. ಆದುದರಿಂದ ಗಾಜಿಗೆ ನೀರು ಚಿಮ್ಮಿಸುವ ಪಂಪು ಕೆಟ್ಟರೆ ಊರ ಹಿರಿಯರೂ ಜಮೀನುದಾರರೂ ಅದನ್ನು ಅಲ್ಪ ದೋಷವೆಂದು ಬಿಡಲಾಗದು.

ಹೊಸದನ್ನು ಕೊಳ್ಳುವ ಮುನ್ನ ಪರೀಕ್ಷೆ ಅವಶ್ಯ. ಗುಂಡಿ ಒತ್ತಿದಾಗ ಪಂಪಿನ ಸದ್ದು ಕೇಳಿಯೂ ನೀರು ಬಾರದಿದ್ದರೆ, ಅದರ ಬಾಯಿಂದ ನಳಿಗೆಯನ್ನು ಕಳಚಿ ಮತ್ತೊಮ್ಮೆ ಒತ್ತಿರಿ. ಅಲ್ಲಿ ನೀರು ಚಿಮ್ಮಿದರೆ ಪಂಪು ನೆಟ್ಟಗಿದೆ. ಕಟ್ಟಿರುವುದು ನಳಿಗೆ, ಇಲ್ಲವೆ ಚಿಮ್ಮುವ ರಂಧ್ರ. ಅದಕ್ಕೆ ಸೂಜಿ ಸಾಕು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಜನ್ನು ನೋಡಬೇಕು. ಬಳಿಕ ಪಂಪಿನ ಎರಡು ತಂತಿಗಳಿಗೆ 12 ವೋಲ್ಟಿನ ಸಣ್ಣ ಬಲ್ಬನ್ನು ಹಿಡಿದು ಗುಂಡಿ ಒತ್ತಿಸಬೇಕು. ಬಲ್ಬು ಹೊತ್ತಿದರೆ ದೋಷವು ಪಂಪಿನದೇ.

ಬದಲಿಸುವಾಗ ಡಬ್ಬಿಯ ನೀರನ್ನು ಬಸಿದು, ತಂತಿ ಬಿಡಿಸಿ, ಹಳೆಯದನ್ನು ರಬ್ಬರಿನ ಬಳೆಯಿಂದ ಮೆಲ್ಲನೆ ಎಳೆಯಿರಿ. ಗಡುಸಾದ ರಬ್ಬರು ಸೋರುವುದರಿಂದ ಅದನ್ನೂ ಹೊಸದಾಗಿ ಹಾಕತಕ್ಕದ್ದು. ಧನ, ಋಣ ತಂತಿಗಳು ಅದಲುಬದಲಾದರೆ ಪಂಪು ಹಿಂದುಮುಂದಾಗಿ ತಿರುಗಿ ನೀರನ್ನು ಸರಿಯಾಗಿ ಎತ್ತದು. ಡಬ್ಬಿಯ ತಳದ ಕೆಸರನ್ನು ತೊಳೆಯದೆ ಹೊಸ ಪಂಪು ಕೂಡಿಸುವುದು ವ್ಯರ್ಥ. ನಿಪ್ಪಾಣಿಯ ಕಡೆ ತಿರುಗಾಟದಲ್ಲಿದ್ದಾಗ ನಾನೇ ಹಳ್ಳದ ನೀರು ತುಂಬಿ, ಹೊಸ ಪಂಪಿನ ಬಾಯಿಯನ್ನು ವಾರದೊಳಗೆ ಕಟ್ಟಿಸಿಕೊಂಡೆನು. ಸೋಸಿದ ನೀರನ್ನೇ ಹಾಕಿರಿ. ಡಬ್ಬಿ ಬರಿದಾಗಿರುವಾಗ ಗುಂಡಿ ಒತ್ತಬೇಡಿರಿ, ನೀರಿಲ್ಲದೆ ತಿರುಗಿದ ಪಂಪು ಬೇಗನೆ ಸವೆಯುವುದು.