ಕೊಸರು ಕೊಡಿ, ಬೆಲೆ ಇಳಿಸ್ಬೇಡಿ

ನಮ್ಮ ಕ್ಲಬ್ಬಿನಲ್ಲಿ ಚಿತ್ರ ಬರೆಯೋರು ಐದಾರು ಜನ ಇದ್ದೀವಿ. ಬರೆಯೋಕೆ ಹೆದರಿಕೆ ಇಲ್ಲ. ಮಾರೋಕೆ ನಿಂತ್ರೆ ಮಾತ್ರ ವೈವಾದಲ್ಲಿ ಎಕ್ಸ್‌ಟರ್ನಲ್ ಮುಂದೆ ನಿಂತ ಹಾಗೆ ಬಾಯಿ ಒಣಗುತ್ತೆ. ಹೋದ ವರ್ಷ ಫೆಸ್ಟಿನಲ್ಲಿ ಒಂದು ಟೇಬಲ್ ಹಾಕಿದ್ವಿ. ನಮ್ಮಲ್ಲೊಬ್ಬಳು ಮಲ್ಲೇಶ್ವರದ ಹಳೇ ಮನೆಯೊಂದನ್ನು 11 ಗಂಟೆ ಕೂತು ಇಂಕಿನಲ್ಲಿ ಬರೆದಿದ್ದಳು. ಒಬ್ಬರು ಬಂದು "ಎಷ್ಟಮ್ಮಾ ಇದು?" ಅಂದ್ರು. "600 ಅಂಕಲ್... ಅಯ್ಯೋ, ನೀವು ಎಷ್ಟು ಕೊಟ್ರೂ ಪರವಾಗಿಲ್ಲ" ಅಂದಳು. ಅವರು 200 ಕೊಟ್ಟು ತಗೊಂಡು ಹೋದ್ರು. ಫ್ರೇಮಿಗೇ 250 ಆಗಿತ್ತು. ಆಮೇಲೆ ಎರಡು ತಿಂಗಳು ಅವಳು ಪೆನ್ನು ಮುಟ್ಟಲಿಲ್ಲ.

ಅಂಕಲ್ ಮೇಲೆ ನಮಗೆ ಸಿಟ್ಟಿಲ್ಲ. ಅವರು ಚೌಕಾಸಿ ಕೂಡ ಮಾಡಿರಲಿಲ್ಲ. ಅವರು ಕೇಳೋ ಮೊದಲೇ ಬೆಲೆ ಇಳಿಸಿದ್ದು ನಾವೇ.

ಇದನ್ನು ಈಗ ಬರೀತಿರೋದಕ್ಕೆ ಕಾರಣ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಶುರು ಮಾಡಿದ ಈ ಸಂತೆ ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತೆ. ಅವತ್ತು ಆ ರಸ್ತೆಯಲ್ಲಿ ಗಾಡಿ ಓಡಲ್ಲ, ಎರಡೂ ಕಡೆ ಚಿತ್ರಗಳೇ. ಮಧ್ಯದಲ್ಲಿ ಗ್ಯಾಲರಿಯವರಿಲ್ಲ, ಬರೆದವರೇ ನಿಂತು ಮಾರಬೇಕು. ಮಳಿಗೆಗೆ ಅರ್ಜಿ ಮುಂಚೆಯೇ ಹಾಕಬೇಕು, ಆದ್ರೆ ಅರ್ಜಿಗಿಂತ ನಮಗೆ ಭಯ ಇರೋದು ಆ ನಿಲ್ಲೋದರ ಬಗ್ಗೆ.

ಇದಕ್ಕೆ ಯೂಟ್ಯೂಬಿನಲ್ಲಿ 'ಕಾನ್ಫಿಡೆನ್ಸ್' ಪಾಠ ನೋಡಿ ನೋಡಿ ಸುಸ್ತಾಯ್ತು. ಆಮೇಲೆ ಗಾಂಧಿ ಬಜಾರಿಗೆ ಹೋಗಿ ಸುಮ್ನೆ ನಿಂತ್ವಿ. ಹೂ ಮಾರೋ ಅಮ್ಮಂದಿರು ಯಾರನ್ನೂ "ದಯವಿಟ್ಟು ತಗೊಳ್ಳಿ" ಅಂತ ಬೇಡಲ್ಲ. ಕೈ ಹೂ ಕಟ್ಟುತ್ತಲೇ ಇರುತ್ತೆ. ನೀವು ನಿಂತ್ರೆ ಒಂದೇ ಮಾತು: "ಎಷ್ಟು ಮೊಳ?" ಬೇಕೋ ಬೇಡವೋ ಅನ್ನೋ ಪ್ರಶ್ನೆಯೇ ಅಲ್ಲಿಲ್ಲ.

ಆ ಕೈಕೆಲಸ ನಾಚಿಕೆಯವರಿಗೆ ದೊಡ್ಡ ಆಸರೆ. ಖಾಲಿ ಕೈಯಲ್ಲಿ ಕೂತು ಬಂದವರ ಮುಖ ನೋಡಿದ್ರೆ ಅವರಿಗೂ ಮುಜುಗರ, ನಮಗೂ ಮುಜುಗರ. ಮೊಬೈಲ್ ನೋಡ್ತಾ ಕೂತ್ರೆ ಅವರು ನಿಲ್ಲೋದೇ ಇಲ್ಲ. ಒಂದು ಸ್ಕೆಚ್ ಬುಕ್ ಹಿಡಿದು ಬರೀತಾ ಕೂತ್ರೆ ಜನ ತಾವಾಗೇ ಬಗ್ಗಿ ನೋಡ್ತಾರೆ. ಬಿ.ಕೆ.ಎಸ್. ವರ್ಮ ಅವರು ವೇದಿಕೆ ಮೇಲೆ, ಶತಾವಧಾನಿ ಗಣೇಶ್ ಪದ್ಯ ಕಟ್ಟುತ್ತಿದ್ದಾಗ, ಸಭೆಯ ಎದುರೇ ಚಿತ್ರ ಬರೀತಿದ್ದರು. ಅಷ್ಟು ಧೈರ್ಯ ನಮಗೆ ಬೇಡ. ಆದ್ರೆ ಚಿತ್ರ ಹುಟ್ಟೋದನ್ನ ನೋಡೋಕೆ ಜನಕ್ಕೆ ಆಸೆ ಇದೆ ಅನ್ನೋದಂತೂ ನಿಜ.

ಬೆಲೆಯನ್ನು ಬಾಯಲ್ಲಿ ಹೇಳೋಕೆ ಆಗದಿದ್ರೆ ಬರೆದಿಡಿ. ಪ್ರತಿ ಚಿತ್ರದ ಕೆಳಗೆ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೇ. ಕ್ಯೂಆರ್ ಕೋಡ್ ಪಕ್ಕದಲ್ಲಿರಲಿ. ಬೆಲೆಯನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಿ, ಎದುರಿಗೆ ಗಿರಾಕಿ ನಿಂತಾಗ ಅಲ್ಲ. ಆ ಮನೆ ಚಿತ್ರಕ್ಕೆ ಕಾಗದ, ಇಂಕು 60, ಫ್ರೇಮು 250. 600ಕ್ಕೆ ಹೋಗಿದ್ರೂ ಉಳಿಯೋದು 290, ಅಂದ್ರೆ ಗಂಟೆಗೆ ಸುಮಾರು 26 ರೂಪಾಯಿ! ಇದನ್ನ ಕಾಗದದ ಮೇಲೆ ನೋಡಿದ ಮೇಲೆ ಅವಳು ಹೊಸ ಚಿತ್ರಕ್ಕೆ 900 ಅಂತ ಬರೆದಳು. ಕೈ ನಡುಗಲಿಲ್ಲ.

ಸರಿ, ಚೌಕಾಸಿ ಮಾಡಿದ್ರೆ? ಇದರ ಉತ್ತರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿದೆ. ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಸೇರು ಅಳೆದು ಕೊಟ್ಟ ಮೇಲೆ ಮೇಲಿಂದ ಒಂದು ಹಿಡಿ ಹಾಕ್ತಾರಲ್ಲ, ಅದು ಕೊಸರು. ಬೆಲೆ ಇಳಿದಿಲ್ಲ, ಆದ್ರೂ ಗಿರಾಕಿಗೆ ಗೆದ್ದ ಖುಷಿ. ನಾವು ಅದನ್ನೇ ಕದ್ದಿದ್ದೀವಿ. ನಮ್ಮದೇ ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ ಇಟ್ಕೊಂಡಿದ್ದೀವಿ. ಯಾರಾದ್ರೂ "ಸ್ವಲ್ಪ ಕಮ್ಮಿ ಮಾಡ್ಕೊಳಮ್ಮ" ಅಂದ್ರೆ, "ಬೆಲೆ ಅಷ್ಟೇ ಸರ್, ಜೊತೆಗೊಂದು ಕಾರ್ಡ್ ಕೊಡ್ತೀನಿ" ಅಂತ ಹೇಳಿ ಬಾಯಿ ಮುಚ್ಕೋಬೇಕು. ಆ ಮೌನವೇ ಕಷ್ಟ. ಹಾಸ್ಟೆಲ್ ರೂಮಿನಲ್ಲಿ ಒಬ್ಬರು ಗಿರಾಕಿ ಆಗಿ, ಒಬ್ಬರು ಮಾರೋರಾಗಿ ಹತ್ತು ಸಲ ಆಡಿ ನೋಡಿದ್ವಿ. ಮೊದಲ ಮೂರು ಸಲ ನಕ್ಕೇ ಹಾಳಾಯ್ತು.

ಚಿತ್ರದ ಬಗ್ಗೆ ಭಾಷಣ ಬೇಡ. ಒಂದೇ ವಾಕ್ಯ ಸಾಕು: ಇದು ಎಲ್ಲಿಯ ಜಾಗ, ಯಾವ ಹೊತ್ತು. ಪ್ರಿಂಟು ಅಂದ್ರೆ ಪ್ರಿಂಟು ಅಂತಲೇ ಹೇಳಿ.

ಕಳೆದ ತಿಂಗಳು ಚಾಮರಾಜಪೇಟೆಯಲ್ಲಿ ಪರಿಚಯದವರ ಅಂಗಡಿ ಮುಂದೆ ಮತ್ತೆ ಟೇಬಲ್ ಹಾಕಿದ್ವಿ. ಒಬ್ಬರು ಅಜ್ಜಿ ನಿಂತ್ರು. ಇವಳು ಬರೆಯೋದು ನಿಲ್ಲಿಸದೆ "ಮಲ್ಲೇಶ್ವರದ ಮನೆ ಅಜ್ಜಿ, ಬೆಳಗ್ಗೆ ಏಳು ಗಂಟೆ ಬಿಸಿಲು" ಅಂದಳು. ಅಷ್ಟೇ. ಮುಂದಿನ ಹತ್ತು ನಿಮಿಷ ಅಜ್ಜಿಯೇ ಮಾತಾಡಿದ್ರು, ಅವರ ತವರುಮನೆ ಜಗಲಿ, ಮಾರಿಬಿಟ್ಟ ಕಂಬಗಳು. ಇವಳು "ಹೌದಾ ಅಜ್ಜಿ" ಅಂತ ಮೂರು ಸಲ ಅಂದಿರಬಹುದು. ಅಜ್ಜಿ ಪರ್ಸಿನಿಂದ 900 ಎಣಿಸಿ ಕೊಟ್ಟು, ಕಾರ್ಡು ನೋಡಿ, "ಎರಡು ಕೊಡೇ, ತಂಗಿಗೂ ಒಂದು" ಅಂದ್ರು. ಕೊಟ್ಟಳು.